ಟೊರಾಂಟೊದ ಸಂಬಳ, ಮೈಸೂರಿನ ಖರ್ಚು: ಎರಡು ದೇಶಗಳ ಜೀವನ ಮಟ್ಟವನ್ನು ಹೋಲಿಸುವ ಬಗೆ

ಮೈಸೂರು, ಮಂಡ್ಯ, ಶ್ರೀರಂಗಪಟ್ಟಣಗಳ ಓದುಗರು ವರ್ಷವಿಡೀ ಬೇರೆ ಬೇರೆ ಮಾತುಗಳಲ್ಲಿ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ. ಮಗನಿಗೆ ಟೊರಾಂಟೊದಲ್ಲಿ ತಿಂಗಳಿಗೆ ಐದು ಸಾವಿರ ಡಾಲರ್ ಕೈಗೆ ಬರುತ್ತದೆ, ನಮ್ಮ ಲೆಕ್ಕದಲ್ಲಿ ಅದು ಎಷ್ಟು? ಮಗಳಿಗೆ ಮೈಸೂರಿನಲ್ಲೇ ಐವತ್ತು ಸಾವಿರದ ಕೆಲಸವಿದೆ, ಬಿಟ್ಟು ಹೋಗುವುದು ಲಾಭವೇ? ಕೇಳುವವರಲ್ಲಿ ಬಹುತೇಕರು ಡಾಲರ್ ದರದಿಂದ ಗುಣಿಸಿ ಒಂದು ದೊಡ್ಡ ಮೊತ್ತವನ್ನು ಆಗಲೇ ತಲೆಯಲ್ಲಿ ಇಟ್ಟುಕೊಂಡಿರುತ್ತಾರೆ. ಆ ಮೊತ್ತದ ಗುಣಾಕಾರ ತಪ್ಪಲ್ಲ. ಅದು ಉತ್ತರಿಸುತ್ತಿರುವುದು ಬೇರೊಂದು ಪ್ರಶ್ನೆಯನ್ನು. ಜೀವನ ಮಟ್ಟವನ್ನು ಹೋಲಿಸಲು ಇನ್ನೂ ಕೆಲವು ಹೆಜ್ಜೆಗಳನ್ನು ಇಡಬೇಕಾಗುತ್ತದೆ. ಆ ಹೆಜ್ಜೆಗಳನ್ನು ಇಲ್ಲಿ ಕ್ರಮವಾಗಿ ವಿವರಿಸಿದ್ದೇನೆ. ಅರ್ಥಶಾಸ್ತ್ರ ಓದಿರಬೇಕಾಗಿಲ್ಲ, ಗುಣಾಕಾರ ಭಾಗಾಕಾರ ಬಂದರೆ ಸಾಕು.

ಮೊದಲು ಸಾಮಗ್ರಿಯನ್ನು ಹೊಂದಿಸಿಕೊಳ್ಳಿ. ಎರಡೂ ಊರುಗಳ ಸಂಬಳದ ಚೀಟಿ, ಅದರಲ್ಲಿ ಕಡಿತಗಳು ಕಾಣುವಂತಿರಬೇಕು. ನಿಮ್ಮ ಮನೆಯ ಒಂದು ತಿಂಗಳ ಖರ್ಚಿನ ಪಟ್ಟಿ. ಆ ಊರಿನಲ್ಲಿ ಬಾಳುತ್ತಿರುವವರು ಬರೆದುಕೊಟ್ಟ ಅಂಥದೇ ಪಟ್ಟಿ. ವರ್ಗಮೂಲ ತೆಗೆಯಬಲ್ಲ ಒಂದು ಕ್ಯಾಲ್ಕುಲೇಟರ್, ಅದು ಮೊಬೈಲಿನಲ್ಲೇ ಇರುತ್ತದೆ. ಒಂದು ಭಾನುವಾರದ ಅರ್ಧ ದಿನ.

ಹಂತ 1: ನೀವು ಕೇಳುತ್ತಿರುವುದು ಏನೆಂದು ಒಂದು ಸಾಲಿನಲ್ಲಿ ಬರೆಯಿರಿ

ಇದನ್ನು ಬಿಟ್ಟು ಮುಂದೆ ಹೋದವರ ಲೆಕ್ಕ ಯಾವಾಗಲೂ ಅರ್ಧದಲ್ಲಿ ಗೋಜಲಾಗುತ್ತದೆ. "ಅಲ್ಲಿ ಉಳಿಸಿದ ಹಣವನ್ನು ಇಲ್ಲಿಗೆ ಕಳಿಸಿದರೆ ಎಷ್ಟಾಗುತ್ತದೆ" ಎಂಬುದು ಒಂದು ಪ್ರಶ್ನೆ. "ಅಲ್ಲಿನ ಸಂಬಳದಲ್ಲಿ ಅಲ್ಲೇ ಬದುಕಿದರೆ ಆ ಬದುಕು ಇಲ್ಲಿನ ಎಷ್ಟು ಸಂಬಳದ ಬದುಕಿಗೆ ಸಮ" ಎಂಬುದು ಎರಡನೆಯದು. "ಕೆನಡಾದ ಜನ ಸರಾಸರಿಯಲ್ಲಿ ಭಾರತದ ಜನರಿಗಿಂತ ಎಷ್ಟು ಚೆನ್ನಾಗಿ ಬಾಳುತ್ತಾರೆ" ಎಂಬುದು ಮೂರನೆಯದು. ಮೊದಲನೆಯದಕ್ಕೆ ಬ್ಯಾಂಕಿನ ವಿನಿಮಯ ದರವೇ ಸರಿಯಾದ ಸಾಧನ. ಸಾಲದ ಕಂತು, ವಿದೇಶಿ ಕಾಲೇಜಿನ ಶುಲ್ಕ, ವಿಮಾನದ ಟಿಕೆಟ್ ಇವೆಲ್ಲವೂ ಅದೇ ಗುಂಪಿಗೆ ಸೇರುತ್ತವೆ. ಎರಡನೆಯದಕ್ಕೂ ಮೂರನೆಯದಕ್ಕೂ ಬೆಲೆಗಳ ಹೋಲಿಕೆ ಬೇಕು. ಒಂದರ ಉತ್ತರವನ್ನು ಇನ್ನೊಂದರ ಜಾಗದಲ್ಲಿಟ್ಟು ಮದುವೆ ಮಾತುಕತೆಯನ್ನೇ ಮುಗಿಸಿಬಿಡುವ ಮನೆಗಳಿವೆ ಎಂದು ಹೇಳಿದರೆ ಓದುಗರು ಬೇಸರಿಸಬಾರದು.

ಹಂತ 2: ಎರಡೂ ಕಡೆಯ ಆದಾಯವನ್ನು ಒಂದೇ ಅಳತೆಗೆ ತನ್ನಿ

ನಮ್ಮಲ್ಲಿ ಕಂಪನಿಗಳು ಸಂಬಳವನ್ನು ವರ್ಷಕ್ಕೆ ಇಷ್ಟು ಲಕ್ಷ ಸಿಟಿಸಿ ಎಂದು ಹೇಳುತ್ತವೆ. ಸಿಟಿಸಿ ಎಂದರೆ ನಿಮ್ಮನ್ನು ಇಟ್ಟುಕೊಳ್ಳಲು ಕಂಪನಿಗೆ ತಗಲುವ ಒಟ್ಟು ವೆಚ್ಚ. ಕಂಪನಿ ಕಟ್ಟುವ ಭವಿಷ್ಯನಿಧಿಯ ಪಾಲು, ಗ್ರಾಚ್ಯುಟಿ, ಕೆಲವೊಮ್ಮೆ ವಿಮೆಯೂ ಅದರೊಳಗೆ ಸೇರಿರುತ್ತದೆ. ಕೆನಡಾದಲ್ಲಿ ಹೇಳುವ ವಾರ್ಷಿಕ ಸಂಬಳ ಸಾಮಾನ್ಯವಾಗಿ ಕಡಿತಕ್ಕೆ ಮುಂಚಿನದು. ಅದರಲ್ಲಿ ಆದಾಯ ತೆರಿಗೆ, ಪಿಂಚಣಿ ಯೋಜನೆಯ ವಂತಿಗೆ, ಉದ್ಯೋಗ ವಿಮೆಯ ವಂತಿಗೆ ಹೋಗುತ್ತವೆ. ಹೋಲಿಸಬೇಕಾದದ್ದು ಕೈಗೆ ಬರುವ ತಿಂಗಳ ಹಣವನ್ನು ಕೈಗೆ ಬರುವ ತಿಂಗಳ ಹಣದೊಂದಿಗೆ. ಆದರೆ ಕಡಿತವಾದ ಹಣವೆಲ್ಲ ನಷ್ಟವೆಂದು ತಿಳಿಯಬೇಡಿ. ಅದರಿಂದ ದೊರೆಯುವ ಸೇವೆಗಳ ಲೆಕ್ಕ ಏಳನೆಯ ಹಂತದಲ್ಲಿ ಬರುತ್ತದೆ.

ದುಡ್ಡಿನ ರೂಪದಲ್ಲಿ ಬಾರದ ಆದಾಯವನ್ನು ನಮ್ಮ ಕಡೆಯವರು ಮರೆಯುವುದು ಹೆಚ್ಚು. ಮಂಡ್ಯ ತಾಲ್ಲೂಕಿನ ಒಂದು ರೈತ ಕುಟುಂಬ ವರ್ಷಕ್ಕೆ ಬೇಕಾದ ರಾಗಿಯನ್ನು ತನ್ನ ಹೊಲದಲ್ಲೇ ಬೆಳೆದು, ಹಾಲನ್ನು ಡೇರಿಗೆ ಹಾಕುವ ಮುನ್ನ ಮನೆಗೆಂದು ಎರಡು ಲೀಟರು ಉಳಿಸಿಕೊಂಡರೆ, ಆ ರಾಗಿಯೂ ಹಾಲೂ ಆದಾಯವೇ ಸರಿ. ಅವನ್ನು ಕೊಂಡಿದ್ದರೆ ಎಷ್ಟು ಕೊಡಬೇಕಾಗಿತ್ತೋ ಅಷ್ಟನ್ನು ಆದಾಯದ ಕಡೆಗೂ ಖರ್ಚಿನ ಕಡೆಗೂ ಬರೆಯಬೇಕು. ಸ್ವಂತ ಮನೆಯೂ ಹಾಗೆಯೇ. ಅಗ್ರಹಾರದಲ್ಲಿ ತಾತ ಕಟ್ಟಿಸಿದ ಮನೆಯಲ್ಲಿ ಬಾಡಿಗೆಯಿಲ್ಲದೆ ಇರುವವರು, ಆ ಮನೆಯನ್ನು ಬಾಡಿಗೆಗೆ ಕೊಟ್ಟಿದ್ದರೆ ಬರುತ್ತಿದ್ದ ಮೊತ್ತವನ್ನು ಎರಡೂ ಕಡೆ ಸೇರಿಸಬೇಕು. ಇದಕ್ಕೆ ಆರೋಪಿತ ಬಾಡಿಗೆ ಎನ್ನುತ್ತಾರೆ. ಇದನ್ನು ಬಿಟ್ಟರೆ ಟೊರಾಂಟೊದಲ್ಲಿ ಬಾಡಿಗೆ ಕೊಡುವ ಮಗನನ್ನು ಮೈಸೂರಿನಲ್ಲಿ ಬಾಡಿಗೆ ಕೊಡದ ಅಪ್ಪನೊಂದಿಗೆ ಹೋಲಿಸಿದಂತಾಗಿ, ತಕ್ಕಡಿ ಮೊದಲೇ ಒಂದು ಕಡೆಗೆ ವಾಲಿರುತ್ತದೆ.

ಕುಟುಂಬದ ಗಾತ್ರವೂ ಲೆಕ್ಕಕ್ಕೆ ಬರಬೇಕು. ನಾಲ್ಕು ಜನರ ಮನೆಗೆ ಒಬ್ಬನ ಖರ್ಚಿನ ನಾಲ್ಕರಷ್ಟು ಬೇಕಾಗುವುದಿಲ್ಲ. ಒಲೆ, ದೀಪ, ಬಾಗಿಲು ಎಲ್ಲರಿಗೂ ಒಂದೇ. ಸುಲಭವಾದ ಒಂದು ರೂಢಿಯೆಂದರೆ ಮನೆಯ ಒಟ್ಟು ಆದಾಯವನ್ನು ಸದಸ್ಯರ ಸಂಖ್ಯೆಯ ವರ್ಗಮೂಲದಿಂದ ಭಾಗಿಸುವುದು: ನಾಲ್ಕು ಜನರಿದ್ದರೆ ಎರಡರಿಂದ, ಒಂಬತ್ತು ಜನರಿದ್ದರೆ ಮೂರರಿಂದ. ಅವಿಭಕ್ತ ಕುಟುಂಬಗಳಿಗೆ ಇದು ಅಷ್ಟು ಚೆನ್ನಾಗಿ ಹೊಂದುವುದಿಲ್ಲವೆಂಬುದು ನನ್ನ ಅನಿಸಿಕೆ, ಆದರೂ ತಲೆ ಎಣಿಸಿ ಭಾಗಿಸುವುದಕ್ಕಿಂತ ಮೇಲು.

ಹಂತ 3: ವಿನಿಮಯ ದರ ಹೇಳುವುದನ್ನೂ ಹೇಳದಿರುವುದನ್ನೂ ಬೇರ್ಪಡಿಸಿ

ಮೊದಲು ಒಂದು ಸಣ್ಣ ಭ್ರಮೆಯನ್ನು ದಾಟೋಣ. ಒಂದು ಕುವೈತ್ ದಿನಾರ್ ಅಮೆರಿಕದ ಡಾಲರ್‌ಗಿಂತ ಬೆಲೆಬಾಳುತ್ತದೆ, ಒಂದು ಜಪಾನಿ ಯೆನ್ ನಮ್ಮ ರೂಪಾಯಿಗಿಂತ ಕಡಿಮೆ ಬೆಲೆಯದು. ಇದರಿಂದ ಜಪಾನು ನಮಗಿಂತ ಬಡ ದೇಶವಾಗುವುದಿಲ್ಲ. ಟರ್ಕಿ 2005ರಲ್ಲಿ ತನ್ನ ಲಿರಾದಿಂದ ಆರು ಸೊನ್ನೆಗಳನ್ನು ತೆಗೆದುಹಾಕಿತು. ಅದರಿಂದ ಅಲ್ಲಿ ಯಾರ ಮನೆಯಲ್ಲೂ ಒಂದು ರೊಟ್ಟಿ ಹೆಚ್ಚಾಗಲಿಲ್ಲ, ಕಡಿಮೆಯೂ ಆಗಲಿಲ್ಲ. ನಾಣ್ಯದ ಗಾತ್ರ ಎಂಬುದು ಸೇರು ಮತ್ತು ಪಾವುಗಳ ನಡುವಿನ ವ್ಯತ್ಯಾಸದಂಥದು.

ದೊಡ್ಡ ತೊಡಕು ಇನ್ನೊಂದಿದೆ. ವಿನಿಮಯ ದರವನ್ನು ನಿರ್ಧರಿಸುವುದು ಗಡಿ ದಾಟುವ ವ್ಯವಹಾರಗಳು: ಕಚ್ಚಾ ತೈಲದ ಆಮದು, ಸಾಫ್ಟ್‌ವೇರಿನ ರಫ್ತು, ಹೂಡಿಕೆಗೆಂದು ಬಂದು ಹೋಗುವ ಬಂಡವಾಳ, ಬಡ್ಡಿಯ ಏರಿಳಿತ. ನಿಮ್ಮ ತಿಂಗಳ ಖರ್ಚಿನ ದೊಡ್ಡ ಪಾಲು ಗಡಿ ದಾಟುವುದೇ ಇಲ್ಲ. ಸರಸ್ವತಿಪುರಂನ ಕ್ಷೌರಿಕರ ಅಂಗಡಿಯನ್ನು ನೋಡಿ. ಅಲ್ಲಿನ ಕುರ್ಚಿ, ಕತ್ತರಿ, ಕೈಚಳಕ ಎಲ್ಲವೂ ಟೊರಾಂಟೊದ ಅಂಗಡಿಯಲ್ಲಿರುವಂಥವೇ. ಗಂಟೆಗೆ ಎಷ್ಟು ತಲೆ ಎಂದು ಲೆಕ್ಕ ಹಾಕಿದರೆ ನಮ್ಮವರೇ ಮುಂದಿರಬಹುದು. ಆದರೂ ಅಲ್ಲಿ ಹಲವು ಪಟ್ಟು ಹೆಚ್ಚು ಕೊಡಬೇಕು. ಏಕೆಂದರೆ ಟೊರಾಂಟೊದಲ್ಲಿ ಕತ್ತರಿ ಹಿಡಿಯುವವನಿಗೆ ಅಲ್ಲಿನ ಕಾರ್ಖಾನೆ, ಬ್ಯಾಂಕು, ಗೋದಾಮುಗಳು ಕೊಡುವ ಕೂಲಿಯ ಆಸುಪಾಸಿನಲ್ಲಿ ಸಿಗದಿದ್ದರೆ ಅವನು ಕತ್ತರಿ ಕೆಳಗಿಟ್ಟು ಅಲ್ಲಿಗೇ ಹೋಗುತ್ತಾನೆ. ಮೈಸೂರಿನವರು ಕ್ಷೌರಕ್ಕೆಂದು ಕೆನಡಾಕ್ಕೆ ಹೋಗುವುದಿಲ್ಲ, ಅಲ್ಲಿನವರು ಇಲ್ಲಿಗೆ ಬರುವುದಿಲ್ಲ. ಹಾಗಾಗಿ ಈ ಎರಡು ಬೆಲೆಗಳು ಒಂದನ್ನೊಂದು ಎಳೆದು ಸಮವಾಗುವ ದಾರಿಯೇ ಇಲ್ಲ. ಮೊಬೈಲ್ ಫೋನಿನ ಕಥೆ ಬೇರೆ. ಅದು ಹಡಗು ಹತ್ತುತ್ತದೆ, ಅದರ ಬೆಲೆ ಎರಡೂ ಕಡೆ ಹತ್ತಿರ ಹತ್ತಿರ ಇರುತ್ತದೆ. ಬೇಲಾ ಬಲಾಶಾ ಮತ್ತು ಪಾಲ್ ಸ್ಯಾಮುಯೆಲ್ಸನ್ ಎಂಬ ಅರ್ಥಶಾಸ್ತ್ರಜ್ಞರು 1964ರಲ್ಲಿ ಬೇರೆ ಬೇರೆಯಾಗಿ ವಿವರಿಸಿದ್ದು ಇದನ್ನೇ: ಬಡ ದೇಶಗಳಲ್ಲಿ ಸೇವೆಗಳು ಅಗ್ಗ, ಆದ್ದರಿಂದ ವಿನಿಮಯ ದರದಿಂದ ಅಳೆದಾಗ ಆ ದೇಶಗಳು ನಿಜಕ್ಕಿಂತ ಹೆಚ್ಚು ಬಡವಾಗಿ ಕಾಣುತ್ತವೆ.

ಹಂತ 4: ಬುಟ್ಟಿ ತುಂಬಿಸಿ, ಎರಡು ಸಲ

ಈಗ ಅಸಲು ಕೆಲಸ. ಒಂದೇ ಸಾಮಾನುಗಳ ಬುಟ್ಟಿಯನ್ನು ಎರಡೂ ಊರುಗಳಲ್ಲಿ ಕೊಂಡರೆ ಇಲ್ಲಿ ಎಷ್ಟು ರೂಪಾಯಿ, ಅಲ್ಲಿ ಎಷ್ಟು ಡಾಲರ್ ಎಂದು ನೋಡಿ, ಮೊದಲನೆಯದನ್ನು ಎರಡನೆಯದರಿಂದ ಭಾಗಿಸಬೇಕು. ಬರುವ ಸಂಖ್ಯೆಗೆ ಕೊಳ್ಳುವ ಶಕ್ತಿಯ ಸಮಾನತೆ ಎಂದು ಹೆಸರು. ಪಿಪಿಪಿ ಎಂಬ ಮೂರಕ್ಷರದಲ್ಲಿ ಪತ್ರಿಕೆಗಳು ಬರೆಯುವುದು ಇದನ್ನೇ. ಸ್ವೀಡನ್ನಿನ ಗುಸ್ತಾವ್ ಕಾಸೆಲ್ ಮೊದಲ ಮಹಾಯುದ್ಧದ ಕೊನೆಯ ಹೊತ್ತಿಗೆ ಈ ಪದವನ್ನು ಬಳಕೆಗೆ ತಂದರು.

ಬೆಲೆ ಬರೆಯುವಾಗ ಎಚ್ಚರ ಬೇಕಾದ ಕಡೆಗಳಿವೆ. ಒಂದು, ಸಾಮಾನು ಒಂದೇ ಆಗಿರಬೇಕು. ನಂದಿನಿಯ ಟೋನ್ಡ್ ಹಾಲಿನಲ್ಲಿ ಶೇ 3ರಷ್ಟು ಕೊಬ್ಬಿರುತ್ತದೆ. ಟೊರಾಂಟೊ ಇರುವ ಒಂಟಾರಿಯೊ ಪ್ರಾಂತ್ಯದ ಅಂಗಡಿಯಲ್ಲಿ ಶೇ 1, ಶೇ 2, ಶೇ 3.25 ಎಂದು ಬೇರೆ ಬೇರೆ ಹಾಲು ಸಿಗುತ್ತದೆ, ನಾಲ್ಕು ಲೀಟರಿನ ಚೀಲದಲ್ಲಿ ಕೊಂಡರೆ ಲೀಟರಿಗೆ ಅಗ್ಗ. ನಿಮ್ಮ ಅರ್ಧ ಲೀಟರಿನ ಪ್ಯಾಕೆಟ್ಟಿಗೆ ಸರಿಜೋಡಿ ಶೇ 3.25ರದ್ದು. ಎರಡು, ತೆರಿಗೆ. ನಮ್ಮ ಎಂಆರ್‌ಪಿಯಲ್ಲಿ ತೆರಿಗೆಯೆಲ್ಲ ಸೇರಿರುತ್ತದೆ. ಒಂಟಾರಿಯೊದಲ್ಲಿ ಚೀಟಿಯ ಮೇಲಿನ ಬೆಲೆಗೆ ಬಿಲ್ಲಿನ ಹೊತ್ತಿನಲ್ಲಿ ಶೇ 13ರ ಮಾರಾಟ ತೆರಿಗೆ ಸೇರುತ್ತದೆ, ಅಕ್ಕಿ ಹಾಲಿನಂಥ ಮೂಲ ದಿನಸಿಗೆ ಮಾತ್ರ ಅದಿಲ್ಲ. ಹೋಟೆಲಿನಲ್ಲೂ ಕ್ಷೌರದಂಗಡಿಯಲ್ಲೂ ಟಿಪ್ಸ್ ಅಲ್ಲಿ ಹೆಚ್ಚುಕಡಿಮೆ ಕಡ್ಡಾಯದಂತೆ ನಡೆಯುತ್ತದೆ. ಮೂರು, ಪ್ರವಾಸಿಯ ಬೆಲೆಯನ್ನು ಬರೆಯಬೇಡಿ. ಗೋಕುಲಂನಲ್ಲಿ ಯೋಗ ಕಲಿಯಲು ಬಂದ ವಿದೇಶಿಯರು ತಿಂಗಳ ಕೋಣೆಗೆ ಕೊಡುವ ಬಾಡಿಗೆಯನ್ನು ಇಟ್ಟುಕೊಂಡು ಮೈಸೂರಿನ ಬಾಡಿಗೆ ಇಷ್ಟೆಂದು ಹೇಳಿದರೆ ಪಕ್ಕದ ಬೀದಿಯವರೇ ಒಪ್ಪುವುದಿಲ್ಲ.

ಕೆಲವು ಸಾಮಾನುಗಳಿಗೆ ಜೋಡಿಯೇ ಇರುವುದಿಲ್ಲ. ದೇವರಾಜ ಮಾರುಕಟ್ಟೆಯಲ್ಲಿ ಹೂವಾಡಗಿತ್ತಿ ಮಲ್ಲಿಗೆಯನ್ನು ಮಾರಿನ ಲೆಕ್ಕದಲ್ಲಿ ಅಳೆಯುತ್ತಾಳೆ. ಒಬ್ಬಳ ಮಾರು ಇನ್ನೊಬ್ಬಳ ಮಾರಿಗಿಂತ ಗೇಣುದ್ದ ಕಡಿಮೆಯಿದ್ದರೂ ಗಿರಾಕಿಗೆ ಅದು ಗೊತ್ತಿರುತ್ತದೆ, ಚೌಕಾಸಿಯಲ್ಲಿ ಅದು ಸರಿಹೋಗುತ್ತದೆ. ಮೈಸೂರಿನ ಮನೆಯ ತಿಂಗಳ ಖರ್ಚಿನಲ್ಲಿ ಹೂವಿಗೆ ಒಂದು ಸಾಲು ಇದ್ದೇ ಇರುತ್ತದೆ, ಟೊರಾಂಟೊದ ಪಟ್ಟಿಯಲ್ಲಿ ಅದಕ್ಕೆ ಜಾಗವಿಲ್ಲ. ಟೊರಾಂಟೊದ ಪಟ್ಟಿಯಲ್ಲಿ ಚಳಿಗಾಲದ ದಪ್ಪ ಅಂಗಿ, ಹಿಮದ ಬೂಟು, ಮನೆ ಬಿಸಿಮಾಡುವ ಅನಿಲದ ಬಿಲ್ಲು ಇರುತ್ತವೆ; ಅವು ಅಲ್ಲಿ ಸುಖಸಾಧನಗಳಲ್ಲ, ಬದುಕಿ ಉಳಿಯಲು ಬೇಕಾದವು, ಮತ್ತು ಮೈಸೂರಿನಲ್ಲಿ ಅವುಗಳ ಬೆಲೆ ಕೇಳುವುದರಲ್ಲಿ ಅರ್ಥವಿಲ್ಲ. ಇಂಥವನ್ನು ಹೋಲಿಕೆಯಿಂದ ಹೊರಗಿಟ್ಟು, ಪಕ್ಕದಲ್ಲಿ ಬೇರೆಯಾಗಿ ಬರೆದಿಡಿ.

ಈಗ ಒಂದು ಉದಾಹರಣೆ. ಬೆಲೆಗಳನ್ನು ಲೆಕ್ಕದ ಸುಲಭಕ್ಕೆಂದು ನಾನೇ ಹಿಡಿದಿದ್ದೇನೆ, ನೀವು ನಿಮ್ಮ ಬೆಲೆಗಳನ್ನು ಹಾಕಿಕೊಳ್ಳಿ. ಒಂದು ಕೆನಡಾ ಡಾಲರಿಗೆ ಬ್ಯಾಂಕಿನಲ್ಲಿ 60 ರೂಪಾಯಿ ಎಂದಿಟ್ಟುಕೊಳ್ಳೋಣ. ಅಕ್ಕಿ ಕಿಲೋಗೆ ಇಲ್ಲಿ 60 ರೂಪಾಯಿ, ಅಲ್ಲಿ 3 ಡಾಲರ್. ಹಾಲು ಲೀಟರಿಗೆ 50 ರೂಪಾಯಿ, 2 ಡಾಲರ್. ಪೆಟ್ರೋಲ್ ಲೀಟರಿಗೆ 100 ರೂಪಾಯಿ, 1.60 ಡಾಲರ್. ಮನೆಗೆಲಸದವರಿಗೆ ಗಂಟೆಗೆ 80 ರೂಪಾಯಿ, 40 ಡಾಲರ್. ಕ್ಷೌರಕ್ಕೆ 120 ರೂಪಾಯಿ, 40 ಡಾಲರ್.

ಮೈಸೂರಿನ ಮನೆಯ ತಿಂಗಳ ಬುಟ್ಟಿಯಲ್ಲಿ 25 ಕಿಲೋ ಅಕ್ಕಿ, 45 ಲೀಟರ್ ಹಾಲು, ಸ್ಕೂಟರಿಗೆ 20 ಲೀಟರ್ ಪೆಟ್ರೋಲ್, 30 ಗಂಟೆಯ ಮನೆಗೆಲಸ, 3 ಕ್ಷೌರ. ಇಲ್ಲಿ ಇದಕ್ಕೆ 8,510 ರೂಪಾಯಿ. ಇದೇ ಬುಟ್ಟಿಯನ್ನು ಟೊರಾಂಟೊದಲ್ಲಿ ತುಂಬಿಸಿದರೆ 1,517 ಡಾಲರ್, ಅದರಲ್ಲಿ 1,200 ಮನೆಗೆಲಸಕ್ಕೇ ಹೋಗುತ್ತದೆ. ಭಾಗಿಸಿದರೆ ಒಂದು ಡಾಲರ್ 5 ರೂಪಾಯಿ 61 ಪೈಸೆಗೆ ಸಮ.

ಟೊರಾಂಟೊದ ಮನೆಯವರು ಹಾಗೆ ಬದುಕುವುದಿಲ್ಲ. ಅವರ ಬುಟ್ಟಿಯಲ್ಲಿ 6 ಕಿಲೋ ಅಕ್ಕಿ, 20 ಲೀಟರ್ ಹಾಲು, ಕಾರಿಗೆ 120 ಲೀಟರ್ ಪೆಟ್ರೋಲ್, 2 ಗಂಟೆಯ ಮನೆಗೆಲಸ, 3 ಕ್ಷೌರ. ಅಲ್ಲಿ ಅದಕ್ಕೆ 450 ಡಾಲರ್. ಅದೇ ಬುಟ್ಟಿಗೆ ಮೈಸೂರಿನಲ್ಲಿ 13,880 ರೂಪಾಯಿ, ಬಹುಪಾಲು ಪೆಟ್ರೋಲಿಗೆ. ಭಾಗಿಸಿದರೆ ಒಂದು ಡಾಲರ್ 30 ರೂಪಾಯಿ 84 ಪೈಸೆಗೆ ಸಮ.

ಐದೂವರೆ ಎಲ್ಲಿ, ಮೂವತ್ತು ಎಲ್ಲಿ! ಲೆಕ್ಕ ತಪ್ಪಿಲ್ಲ. ಪ್ರತಿ ಊರಿನ ಜನರೂ ತಮ್ಮಲ್ಲಿ ಅಗ್ಗವಾಗಿರುವುದನ್ನು ಹೆಚ್ಚು ಬಳಸುತ್ತಾರೆ, ದುಬಾರಿಯಾದದ್ದನ್ನು ತಾವೇ ಮಾಡಿಕೊಳ್ಳುತ್ತಾರೆ ಅಥವಾ ಬಿಟ್ಟುಬಿಡುತ್ತಾರೆ. ಆದ್ದರಿಂದ ಯಾವ ಬುಟ್ಟಿ ಹಿಡಿದರೂ ಆ ಬುಟ್ಟಿ ಯಾರದೋ ಅವರ ಊರು, ಇನ್ನೊಂದು ಬುಟ್ಟಿಯಲ್ಲಿ ಕಂಡದ್ದಕ್ಕಿಂತ ಅಗ್ಗವಾಗಿ ಕಾಣುತ್ತದೆ. ಇದಕ್ಕೆ ಪರಿಹಾರ ಎರಡನ್ನೂ ಗುಣಿಸಿ ವರ್ಗಮೂಲ ತೆಗೆಯುವುದು; ಗುಣೋತ್ತರ ಸರಾಸರಿ ಎಂದು ಶಾಲೆಯಲ್ಲಿ ಕಲಿತದ್ದು ಇದೇ. 5.61ನ್ನು 30.84ರಿಂದ ಗುಣಿಸಿ ವರ್ಗಮೂಲ ತೆಗೆದರೆ ಸುಮಾರು 13 ರೂಪಾಯಿ 15 ಪೈಸೆ ಬರುತ್ತದೆ. ಐದು ಸಾವಿರ ಡಾಲರಿನ ಸಂಬಳ ಬ್ಯಾಂಕಿನ ದರದಲ್ಲಿ ಮೂರು ಲಕ್ಷ ರೂಪಾಯಿ. ಈ ಆಟಿಕೆಯ ಬುಟ್ಟಿಯಲ್ಲಿ 65,750 ರೂಪಾಯಿ. ಆಟಿಕೆ ಎಂದದ್ದನ್ನು ಗಮನಿಸಿ. ಐದು ಸಾಮಾನುಗಳಿಂದ ಯಾವ ತೀರ್ಮಾನವನ್ನೂ ಮಾಡಬಾರದು. ಬಾಡಿಗೆ, ಬಟ್ಟೆ, ಫೋನು, ಶಾಲೆ, ಔಷಧ ಎಲ್ಲವನ್ನೂ ಸೇರಿಸಿ ಕನಿಷ್ಠ ಮೂವತ್ತು ಸಾಲುಗಳಿರುವ ಪಟ್ಟಿ ಮಾಡಿ. ಎಷ್ಟೇ ಸಾಲುಗಳಿದ್ದರೂ ಎರಡು ಬುಟ್ಟಿಗಳ ನಡುವಿನ ಅಂತರ ಉಳಿದೇ ಉಳಿಯುತ್ತದೆ, ಅದನ್ನು ಮುಚ್ಚಿಡದೆ ಬರೆದುಕೊಳ್ಳಿ.

ಒಂದೇ ಒಂದು ಸಾಮಾನಿನಿಂದ ಹೋಲಿಸುವ ಪ್ರಯತ್ನವೂ ಇದೆ. ಇಂಗ್ಲೆಂಡಿನ 'ದಿ ಎಕನಾಮಿಸ್ಟ್' ಪತ್ರಿಕೆ 1986ರಿಂದ ಬಿಗ್ ಮ್ಯಾಕ್ ಎಂಬ ಬರ್ಗರಿನ ಬೆಲೆಯನ್ನು ದೇಶದೇಶಗಳಲ್ಲಿ ಹೋಲಿಸುತ್ತ ಬಂದಿದೆ. ಭಾರತದಲ್ಲಿ ದನದ ಮಾಂಸದ ಆ ಬರ್ಗರ್ ಸಿಗದ ಕಾರಣ ಕೋಳಿಯ ಮಹಾರಾಜ ಮ್ಯಾಕ್ ಅದರ ಜಾಗಕ್ಕೆ ಬಂತು. ನಗುತ್ತ ಓದಲು ಚೆನ್ನಾಗಿದೆ, ಮನೆಯ ತೀರ್ಮಾನಕ್ಕೆ ಆಧಾರವಾಗಲಾರದು: ಅಲ್ಲಿ ಅವಸರದಲ್ಲಿರುವವನ ಊಟ, ಇಲ್ಲಿ ಮಾಲಿಗೆ ಹೋದ ದಿನದ ತಿಂಡಿ.

ಹಂತ 5: ಅಧಿಕೃತ ಅಂಕಿಯೊಂದಿಗೆ ತಾಳೆ ನೋಡಿ

ನೀವು ಮನೆಯಲ್ಲಿ ಮಾಡಿದ ಕೆಲಸವನ್ನೇ ವಿಶ್ವ ಬ್ಯಾಂಕಿನ ನೇತೃತ್ವದ ಅಂತರರಾಷ್ಟ್ರೀಯ ಹೋಲಿಕೆ ಕಾರ್ಯಕ್ರಮ ಜಗತ್ತಿನ ಮಟ್ಟದಲ್ಲಿ ಮಾಡುತ್ತದೆ. 1968ರಲ್ಲಿ ವಿಶ್ವಸಂಸ್ಥೆ ಮತ್ತು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯಗಳು ಸೇರಿ ಇದನ್ನು ಆರಂಭಿಸಿದವು. 2017ರ ಸುತ್ತಿನಲ್ಲಿ 176 ಅರ್ಥವ್ಯವಸ್ಥೆಗಳು ಪಾಲ್ಗೊಂಡವು. 2021ನ್ನು ಆಧಾರವಾಗಿಟ್ಟ ಸುತ್ತಿನ ಫಲಿತಾಂಶ 2024ರಲ್ಲಿ ಹೊರಬಂತು. ಭಾರತದ ಅಂಕಿಗಳು ಹೀಗಿದ್ದವು: 2011ರಲ್ಲಿ ಅಮೆರಿಕದ ಒಂದು ಡಾಲರಿಗೆ ಮಾರುಕಟ್ಟೆಯಲ್ಲಿ 46.67 ರೂಪಾಯಿ ಇದ್ದಾಗ ಪಿಪಿಪಿ ದರ 15.55, 2017ರಲ್ಲಿ ಮಾರುಕಟ್ಟೆಯ ದರ 65.12, ಪಿಪಿಪಿ ದರ 20.65. ಬೇರೆ ಮಾತಿನಲ್ಲಿ, ಅಮೆರಿಕದಲ್ಲಿ ನೂರು ರೂಪಾಯಿ ಬೆಲೆಗೆ ಸಿಗುವ ಸರಕು ಸೇವೆಗಳ ಗಂಟು 2017ರಲ್ಲಿ ನಮ್ಮಲ್ಲಿ ಸರಾಸರಿ 32 ರೂಪಾಯಿಗೆ ಸಿಗುತ್ತಿತ್ತು. ಐದು ಸಾವಿರ ಅಮೆರಿಕನ್ ಡಾಲರ್ ಆ ವರ್ಷ ಬ್ಯಾಂಕಿನಲ್ಲಿ 3,25,600 ರೂಪಾಯಿಯಾದರೆ, ಬದುಕಿನ ಲೆಕ್ಕದಲ್ಲಿ 1,03,250 ರೂಪಾಯಿಯಷ್ಟಾಯಿತು.

ಹೀಗೆ ಪಿಪಿಪಿಯಿಂದ ಪರಿವರ್ತಿಸಿದ ಮೊತ್ತವನ್ನು ಅಂತರರಾಷ್ಟ್ರೀಯ ಡಾಲರ್ ಎಂಬ ಕಲ್ಪಿತ ನಾಣ್ಯದಲ್ಲಿ ಹೇಳುತ್ತಾರೆ. ಅದನ್ನು ಯಾವ ಬ್ಯಾಂಕಿನಲ್ಲೂ ಕೊಡುವುದಿಲ್ಲ. ಅಮೆರಿಕದಲ್ಲಿ ಒಂದು ಡಾಲರಿಗೆ ಸಿಗುವಷ್ಟು ಸರಕನ್ನು ನಿಮ್ಮ ಊರಿನಲ್ಲಿ ಕೊಳ್ಳಬಲ್ಲ ಮೊತ್ತ ಎಂದಷ್ಟೇ ಅದರ ಅರ್ಥ. ವಿಶ್ವ ಬ್ಯಾಂಕು 2025ರಲ್ಲಿ ಕಡುಬಡತನದ ರೇಖೆಯನ್ನು ದಿನಕ್ಕೆ 2.15 ಡಾಲರಿನಿಂದ 3 ಡಾಲರಿಗೆ ಏರಿಸಿದಾಗ, ಆ ಮೂರನ್ನು ಅಂದಿನ ಬ್ಯಾಂಕಿನ ದರದಿಂದ ಗುಣಿಸಿ ಚರ್ಚೆಗೆ ಕೂತವರನ್ನು ನೀವೂ ಕಂಡಿರಬಹುದು. ಅದು ಕುಟುಂಬ ಬಳಕೆಯ ಪಿಪಿಪಿ ಡಾಲರ್, ಅಂದರೆ ಮನೆಗಳು ಬಳಸುವ ಸರಕು ಸೇವೆಗಳ ಬೆಲೆಗಳಿಂದ ಲೆಕ್ಕಹಾಕಿದ್ದು. ಬ್ಯಾಂಕಿನ ದರದಿಂದ ಗುಣಿಸಿದರೆ ಉತ್ತರ ಹಲವು ಪಟ್ಟು ಹಿಗ್ಗಿಬಿಡುತ್ತದೆ.

ಅಧಿಕೃತ ಕೋಷ್ಟಕಗಳನ್ನು ತೆರೆದಾಗ ಎರಡು ಬಗೆಯ ಶೀರ್ಷಿಕೆಗಳು ಕಾಣುತ್ತವೆ: ಆಯಾ ವರ್ಷದ ಬೆಲೆಗಳಲ್ಲಿ ಹೇಳುವ ಪ್ರಚಲಿತ ಅಂತರರಾಷ್ಟ್ರೀಯ ಡಾಲರ್ ಮತ್ತು ಒಂದು ಆಧಾರ ವರ್ಷದ ಬೆಲೆಗಳಲ್ಲೇ ಹೇಳುವ ಸ್ಥಿರ ಅಂತರರಾಷ್ಟ್ರೀಯ ಡಾಲರ್. ಒಂದೇ ವರ್ಷದಲ್ಲಿ ಎರಡು ದೇಶಗಳನ್ನು ಹೋಲಿಸಲು ಮೊದಲನೆಯದನ್ನೂ, ಒಂದೇ ದೇಶ ಹತ್ತು ವರ್ಷಗಳಲ್ಲಿ ಎಷ್ಟು ಮುಂದುವರಿಯಿತೆಂದು ನೋಡಲು ಎರಡನೆಯದನ್ನೂ ಬಳಸಿ. ಒಂದು ದೇಶಕ್ಕೆ ಇದನ್ನು, ಇನ್ನೊಂದಕ್ಕೆ ಅದನ್ನು ತೆಗೆದುಕೊಂಡರೆ ಎತ್ತು ಏರಿಗೆಳೆದು ಕೋಣ ನೀರಿಗೆಳೆದಂತಾಗುತ್ತದೆ. ಬೇಕಾದ ವರ್ಷದ ಪಿಪಿಪಿ ಸಿಗದಿದ್ದರೆ ಹಳೆಯದನ್ನೇ ಮುಂದಕ್ಕೆ ಒಯ್ಯಬಹುದು: ಅಂದಿನಿಂದ ನಮ್ಮ ಬೆಲೆಗಳು ಶೇ 25ರಷ್ಟೂ ಅಮೆರಿಕದ ಬೆಲೆಗಳು ಶೇ 20ರಷ್ಟೂ ಏರಿವೆ ಎಂದುಕೊಂಡರೆ, 20.65ನ್ನು 1.25ರಿಂದ ಗುಣಿಸಿ 1.20ರಿಂದ ಭಾಗಿಸಿ, 21.51 ಬರುತ್ತದೆ. ಇದು ಅಂದಾಜು ಮಾತ್ರ.

ಅಧಿಕೃತ ಅಂಕಿಗೂ ಮಿತಿಗಳಿವೆ. ಅದು ಇಡೀ ದೇಶದ ಸರಾಸರಿ. ಮುಂಬಯಿಯ ಬಾಡಿಗೆಯೂ ಮಳವಳ್ಳಿಯ ಬಾಡಿಗೆಯೂ ಅದರಲ್ಲಿ ಕಲಸಿಹೋಗಿವೆ, ಟೊರಾಂಟೊದ ಬಾಡಿಗೆಯೂ ಕೆನಡಾದ ಹಳ್ಳಿಯ ಬಾಡಿಗೆಯೂ ಹಾಗೆಯೇ. ಜಿಡಿಪಿಯ, ಅಂದರೆ ದೇಶದ ಒಟ್ಟು ಉತ್ಪನ್ನದ, ಮಟ್ಟದ ಪಿಪಿಪಿಯಲ್ಲಿ ಸೇತುವೆ, ಯಂತ್ರ, ಸರ್ಕಾರಿ ಕಚೇರಿಗಳ ಬೆಲೆಯೂ ಸೇರಿರುತ್ತದೆ. ಮನೆಯ ಲೆಕ್ಕಕ್ಕೆ ಕುಟುಂಬ ಬಳಕೆಯ ಪಿಪಿಪಿ ಹೆಚ್ಚು ಸೂಕ್ತ. ಮೇಲಿನ ಅಂಕಿಗಳು ಅಮೆರಿಕದ ಡಾಲರಿನವು, ಕೆನಡಾ ಡಾಲರಿನ ಲೆಕ್ಕಕ್ಕೆ ಭಾರತದ ಪಿಪಿಪಿಯನ್ನು ಅದೇ ವರ್ಷದ ಕೆನಡಾದ ಪಿಪಿಪಿಯಿಂದ ಭಾಗಿಸಿಕೊಳ್ಳಿ. ನಿಮ್ಮ ಬುಟ್ಟಿಯ ಉತ್ತರ ಅಧಿಕೃತ ಅಂಕಿಯ ಆಸುಪಾಸಿನಲ್ಲಿದ್ದರೆ ನಿಶ್ಚಿಂತೆಯಿಂದ ಮುಂದುವರಿಯಿರಿ. ಬಹಳ ದೂರವಿದ್ದರೆ ಮೊದಲು ಬಾಡಿಗೆಯ ಸಾಲನ್ನು ಮತ್ತೆ ನೋಡಿ. ತಪ್ಪು ಸಾಮಾನ್ಯವಾಗಿ ಅಲ್ಲೇ ಇರುತ್ತದೆ.

ಹಂತ 6: ನಾಣ್ಯವನ್ನೇ ಬಿಟ್ಟು, ದುಡಿಮೆಯ ನಿಮಿಷದಲ್ಲಿ ಎಣಿಸಿ

ವಿನಿಮಯ ದರದ ಗೊಡವೆಯೇ ಇಲ್ಲದ ದಾರಿಯೊಂದಿದೆ, ಮತ್ತು ಹಿರಿಯರಿಗೆ ಬೇಗ ಅರ್ಥವಾಗುವುದೂ ಇದೇ. ಮೈಸೂರಿನಲ್ಲಿ ತಿಂಗಳಿಗೆ 200 ಗಂಟೆ ದುಡಿದು 50,000 ರೂಪಾಯಿ ಪಡೆಯುವವರಿಗೆ ಗಂಟೆಗೆ 250 ರೂಪಾಯಿ. ಟೊರಾಂಟೊದಲ್ಲಿ 160 ಗಂಟೆ ದುಡಿದು 5,000 ಡಾಲರ್ ಪಡೆಯುವವರಿಗೆ ಗಂಟೆಗೆ 31.25 ಡಾಲರ್. ಮೇಲಿನ ಬೆಲೆಗಳಲ್ಲೇ ನೋಡಿದರೆ ಒಂದು ಲೀಟರ್ ಪೆಟ್ರೋಲಿಗೆ ಮೈಸೂರಿನವರು 24 ನಿಮಿಷ ದುಡಿಯಬೇಕು, ಟೊರಾಂಟೊದವರು 3 ನಿಮಿಷ. ಒಂದು ಕ್ಷೌರಕ್ಕೆ ಮೈಸೂರಿನವರು 29 ನಿಮಿಷ, ಟೊರಾಂಟೊದವರು 77 ನಿಮಿಷ. ಕಾರು ಓಡಿಸುವ ಬಯಕೆಯುಳ್ಳವರಿಗೂ, ಮನೆಯಲ್ಲಿ ಕೆಲಸಕ್ಕೆ ಇನ್ನೊಬ್ಬರಿರಬೇಕೆನ್ನುವವರಿಗೂ ಈ ಎರಡು ಸಾಲುಗಳು ಬೇರೆ ಬೇರೆ ಉತ್ತರ ಕೊಡುತ್ತವೆ. ಕೆಲಸಕ್ಕೆ ಹೋಗಿಬರುವ ಸಮಯವನ್ನೂ ದುಡಿಮೆಯ ಗಂಟೆಗಳಿಗೆ ಸೇರಿಸುವುದು ನ್ಯಾಯ.

ಹಂತ 7: ಸಂಬಳದ ಚೀಟಿಯಲ್ಲಿ ಕಾಣದ್ದನ್ನು ಬೇರೆ ಹಾಳೆಯಲ್ಲಿ ಬರೆಯಿರಿ

ಒಂಟಾರಿಯೊದಲ್ಲಿ ವೈದ್ಯರ ಭೇಟಿ ಮತ್ತು ಆಸ್ಪತ್ರೆಯ ಚಿಕಿತ್ಸೆಯ ಬಹುಭಾಗ ತೆರಿಗೆಯ ಹಣದಿಂದ ನಡೆಯುವ ಆರೋಗ್ಯ ವಿಮೆಯಲ್ಲಿ ಬರುತ್ತದೆ, ಸರ್ಕಾರಿ ಶಾಲೆಗೆ ಶುಲ್ಕವಿಲ್ಲ. ಮೈಸೂರಿನ ಮಧ್ಯಮ ವರ್ಗದ ಮನೆ ಇವೆರಡಕ್ಕೂ ಸಾಮಾನ್ಯವಾಗಿ ಕೈಯಿಂದ ಕೊಡುತ್ತದೆ. ಇತ್ತ 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದಾಗಿ ಮಂಡ್ಯದಿಂದ ಮೈಸೂರಿಗೆ ಸಾಮಾನ್ಯ ಬಸ್ಸಿನಲ್ಲಿ ದಿನಾ ಕೆಲಸಕ್ಕೆ ಬರುವ ಮಹಿಳೆಗೆ ಟಿಕೆಟ್ಟಿನ ಹಣ ಉಳಿಯುತ್ತದೆ. ಅದು ಅವಳ ಸಂಬಳದಲ್ಲಿ ಕಾಣದಿದ್ದರೂ ಬದುಕಿನಲ್ಲಿ ಇದೆ. ಇವುಗಳನ್ನು ಹೊರಗೆ ಕೊಂಡಿದ್ದರೆ ಎಷ್ಟಾಗುತ್ತಿತ್ತೆಂದು ಹಿಡಿದು ಎರಡೂ ಕಡೆಯ ಆದಾಯಕ್ಕೆ ಸೇರಿಸಿ.

ಯಾವ ಲೆಕ್ಕದಲ್ಲೂ ಸೇರದ ಕೆಲಸವೂ ಇದೆ. ಮಂಡ್ಯದಲ್ಲಿ ಮೊಮ್ಮಗುವನ್ನು ಹಗಲಿಡೀ ನೋಡಿಕೊಳ್ಳುವ ಅಜ್ಜಿಯ ದುಡಿಮೆ ಜಿಡಿಪಿಯಲ್ಲಿ ಬರುವುದಿಲ್ಲ. ಟೊರಾಂಟೊದಲ್ಲಿ ಅದೇ ಕೆಲಸಕ್ಕೆ ಶಿಶುವಿಹಾರಕ್ಕೆ ಕೊಡುವ ಹಣ ಬರುತ್ತದೆ. ಮಗು ಎರಡೂ ಕಡೆ ಊಟ ಮಾಡಿ ಮಲಗಿರುತ್ತದೆ, ಕಾಗದದ ಮೇಲೆ ಮಾತ್ರ ಒಂದು ಕಡೆ ಆದಾಯ ಹುಟ್ಟಿರುತ್ತದೆ.

ದೇಶಗಳ ಮಟ್ಟದಲ್ಲಿ ಈ ಕೊರತೆಯನ್ನು ಸ್ವಲ್ಪ ತುಂಬಲೆಂದೇ ಪಾಕಿಸ್ತಾನದ ಅರ್ಥಶಾಸ್ತ್ರಜ್ಞ ಮಹಬೂಬ್ ಉಲ್ ಹಕ್ ಅವರು ಅಮರ್ತ್ಯ ಸೇನ್ ಮೊದಲಾದವರ ನೆರವಿನಿಂದ 1990ರಲ್ಲಿ ಮಾನವ ಅಭಿವೃದ್ಧಿ ಸೂಚ್ಯಂಕವನ್ನು ರೂಪಿಸಿದರು. ಅದರಲ್ಲಿ ಆಯುಷ್ಯ, ಶಿಕ್ಷಣ, ಪಿಪಿಪಿ ಲೆಕ್ಕದ ತಲಾ ಆದಾಯ ಮೂರೂ ಸೇರುತ್ತವೆ. ಆದಾಯವನ್ನು ಲಾಗರಿದಮ್‌ನಲ್ಲಿ ಅಳೆಯುತ್ತಾರೆ, ಅಂದರೆ ಬಡವನಿಗೆ ಸಿಕ್ಕ ಹೆಚ್ಚುವರಿ ಸಾವಿರಕ್ಕೆ ಸಿರಿವಂತನಿಗೆ ಸಿಕ್ಕ ಸಾವಿರಕ್ಕಿಂತ ಹೆಚ್ಚು ತೂಕ.

ಹಂತ 8: ಸರಾಸರಿಯನ್ನು ನಂಬುವ ಮುನ್ನ ಅದು ಯಾರದೆಂದು ಕೇಳಿ

ಇದು ಮೂರನೆಯ ಪ್ರಶ್ನೆ ಕೇಳಿದವರಿಗೆ ಮಾತ್ರ. ಪಿಪಿಪಿ ಲೆಕ್ಕದಲ್ಲಿ ಚೀನಾ ಮತ್ತು ಅಮೆರಿಕದ ನಂತರ ಭಾರತವೇ ದೊಡ್ಡ ಅರ್ಥವ್ಯವಸ್ಥೆ. ಅದು ದೇಶದ ಒಟ್ಟು ಗಾತ್ರ. ಜೀವನ ಮಟ್ಟಕ್ಕೆ ಅದನ್ನು ಜನಸಂಖ್ಯೆಯಿಂದ ಭಾಗಿಸಬೇಕು, ಭಾಗಿಸಿದ ಕೂಡಲೇ ನಮ್ಮ ಸ್ಥಾನ ಬಹಳ ಕೆಳಗಿಳಿಯುತ್ತದೆ. ತಲಾ ಜಿಡಿಪಿಯೂ ಮನೆಗೆ ಬಂದ ಹಣವಲ್ಲ. ಬಹುರಾಷ್ಟ್ರೀಯ ಕಂಪನಿಗಳು ತಮ್ಮ ಆಸ್ತಿಯನ್ನು ಕಾಗದದ ಮೇಲೆ ಅಲ್ಲಿಗೆ ವರ್ಗಾಯಿಸಿದ್ದರಿಂದ ಐರ್ಲೆಂಡಿನ ಜಿಡಿಪಿ 2015ರ ಒಂದೇ ವರ್ಷದಲ್ಲಿ ಕಾಲು ಭಾಗದಷ್ಟು ಏರಿತು. ಅಲ್ಲಿನ ಜನರ ಜೇಬಿಗೆ ಅಷ್ಟೇನೂ ಬೀಳಲಿಲ್ಲ. ಕೊನೆಗೆ ಆ ದೇಶದ ಅಂಕಿಅಂಶ ಕಚೇರಿಯೇ ಇಂಥ ವಹಿವಾಟುಗಳನ್ನು ಕಳೆದ ಬೇರೊಂದು ಅಳತೆಯನ್ನು ಪ್ರಕಟಿಸಲಾರಂಭಿಸಿತು. ಸಿಗುವುದಾದರೆ ಕುಟುಂಬಗಳ ಆದಾಯದ ಮಧ್ಯಾಂಕವನ್ನೇ ನೋಡಿ: ಎಲ್ಲ ಮನೆಗಳನ್ನು ಆದಾಯದ ಕ್ರಮದಲ್ಲಿ ಸಾಲಾಗಿ ನಿಲ್ಲಿಸಿದರೆ ನಡುವೆ ನಿಂತ ಮನೆಯ ಆದಾಯ ಅದು. ಎರಡು ದೇಶಗಳ ನಡುವೆ ಶೇ ಎರಡೋ ಮೂರೋ ವ್ಯತ್ಯಾಸವಿದ್ದರೆ ಯಾರು ಮುಂದೆ ಎಂದು ಹೇಳಹೋಗಬೇಡಿ, ಬೆಲೆ ಸಂಗ್ರಹಿಸುವಾಗಿನ ತಪ್ಪೇ ಅದಕ್ಕಿಂತ ಹೆಚ್ಚಿರಬಹುದು.

ಹಂತ 9: ಉತ್ತರವನ್ನು ಬರೆಯುವ ರೀತಿ

ಒಂದೇ ಅಂಕಿಯನ್ನು ಕೊಡಬೇಡಿ. ವರ್ಷ, ಊರು, ಕುಟುಂಬದ ಗಾತ್ರ, ಬಳಸಿದ ಬುಟ್ಟಿ ಇವಿಷ್ಟು ಜೊತೆಗಿರಲಿ, ಮೊತ್ತಕ್ಕೆ ಕೆಳಗಿನ ಮತ್ತು ಮೇಲಿನ ಮಿತಿ ಇರಲಿ. ಉಳಿತಾಯದ ಭಾಗವನ್ನು ಖರ್ಚಿನ ಭಾಗದಿಂದ ಪ್ರತ್ಯೇಕಿಸಿ, ಏಕೆಂದರೆ ಊರಿಗೆ ಬರುವ ಹಣಕ್ಕೆ ಬ್ಯಾಂಕಿನ ದರ, ಅಲ್ಲೇ ಖರ್ಚಾಗುವ ಹಣಕ್ಕೆ ಬುಟ್ಟಿಯ ದರ. ಮೊದಲಿನ ಮಗನ ವಿಷಯದಲ್ಲಿ, ಮೇಲೆ ಹಿಡಿದ ಬೆಲೆಗಳನ್ನೇ ಇಟ್ಟುಕೊಂಡರೆ ಬರವಣಿಗೆ ಹೀಗಿರುತ್ತದೆ: "ಕೈಗೆ ಬರುವ 5,000 ಡಾಲರಿನಲ್ಲಿ 4,200 ಅಲ್ಲೇ ಖರ್ಚಾಗುತ್ತದೆ, ಐದು ಸಾಮಾನುಗಳ ಬುಟ್ಟಿಯಲ್ಲಿ ಅದು ಮೈಸೂರಿನ ಸುಮಾರು 55,000 ರೂಪಾಯಿಯ ಬದುಕಿಗೆ ಸಮ, ಮೈಸೂರಿನ ಅಭ್ಯಾಸಗಳನ್ನು ಬಿಡದಿದ್ದರೆ 23,500ಕ್ಕೆ ಇಳಿಯುತ್ತದೆ, ಅಲ್ಲಿನ ರೀತಿಗೆ ಹೊಂದಿಕೊಂಡರೆ 1,29,500ಕ್ಕೆ ಏರುತ್ತದೆ. ಉಳಿಯುವ 800 ಡಾಲರ್ ಊರಿಗೆ ಕಳಿಸಿದರೆ 48,000 ರೂಪಾಯಿ. ಚಳಿಗಾಲದ ಬಟ್ಟೆ ಮತ್ತು ಮನೆ ಬಿಸಿಮಾಡುವ ಖರ್ಚು ಇದರಲ್ಲಿ ಸೇರಿಲ್ಲ." ಮೂವತ್ತು ಸಾಲುಗಳ ಪಟ್ಟಿ ಸಿದ್ಧವಾದ ಮೇಲೆ ಈ ಅಂಕಿಗಳನ್ನು ಅಳಿಸಿ, ನಿಮ್ಮವನ್ನು ಅದೇ ಜಾಗದಲ್ಲಿ ತುಂಬಿಕೊಳ್ಳಿ.